ನೋವು ನಿಂತ ಹಲ್ಲನ್ನು ನಂಬಬೇಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಸ್ತ್ರೀಶಕ್ತಿ ಮತ್ತು ಸ್ವಸಹಾಯ ಸಂಘಗಳ ಅವ್ವಂದಿರು, ಅಕ್ಕ-ತಂಗಿಯರಿಗೆ,



ಮನೆಯಲ್ಲಿ ಮಗುವಿಗೆ ಜ್ವರ ಬಂದರೆ ಅದೇ ದಿನ ದವಾಖಾನೆಗೆ ಒಯ್ಯುತ್ತೀರಿ. ಯಜಮಾನರಿಗೆ ಸೊಂಟ ಹಿಡಿದರೆ ಮರುದಿನಕ್ಕೆ ಎಣ್ಣೆ, ಗುಳಿಗೆ, ಡಾಕ್ಟರು ಎಲ್ಲ ಆಗುತ್ತದೆ. ಎಮ್ಮೆ ಮೇವು ಬಿಟ್ಟರೂ ದನದ ಡಾಕ್ಟರಿಗೆ ಫೋನ್ ಹೋಗುತ್ತದೆ. ನಿಮ್ಮ ಹಲ್ಲು ಮಾತ್ರ ಸುಗ್ಗಿ ಮುಗಿಯಲಿ, ಕಬ್ಬು ಹೋಗಲಿ, ಎಲ್ಲಮ್ಮನ ಜಾತ್ರೆ ಆಗಲಿ, ಮಗಳ ಬಾಣಂತನ ಮುಗಿಯಲಿ ಎಂದು ವರ್ಷಗಟ್ಟಲೆ ಕಾಯುತ್ತದೆ. ಕೊನೆಗೆ ನೀವು ಬರುವಾಗ ಕಪಾಳ ಊದಿರುತ್ತದೆ, ಎರಡು ರಾತ್ರಿಯ ನಿದ್ದೆ ಹೋಗಿರುತ್ತದೆ. ಆಗ ಕೇಳುವುದು ಒಂದೇ ಮಾತು: "ಬಾಯಾರ, ಒಮ್ಮೆ ಕಿತ್ತ ಒಗೀರಿ, ಕಾಟ ತಪ್ಪಲಿ."

ನಾನು ನಿಮ್ಮ ಕಡೆಯವಳೇ, ಹಲ್ಲಿನ ವೈದ್ಯೆ. ಆ ಮಾತು ಹೇಳುವ ದಿನಕ್ಕಿಂತ ಹಿಂದಿನ ದಿನಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಹಲ್ಲು ಮೊದಲ ಸಲ ನೋವು ಕೊಟ್ಟ ದಿನಕ್ಕೂ ಕೀಳಿಸಲು ಬರುವ ದಿನಕ್ಕೂ ನಡುವೆ ನೋವು ಹಲವು ಸಲ ನಿಂತಿರುತ್ತದೆ. ನಿಂತಾಗಲೆಲ್ಲ ಗುಣವಾಯಿತು ಎಂದು ನಂಬಿಬಿಡುತ್ತೇವೆ. ನಾನು ಕಂಡಂತೆ, ಉಳಿಸಬಹುದಾಗಿದ್ದ ಹಲ್ಲುಗಳನ್ನು ಕಳೆದದ್ದು ಹೆಚ್ಚಾಗಿ ಈ ನಂಬಿಕೆಯೇ.

ಹಲ್ಲಿನ ಹೊರಪದರ ಎನಾಮಲ್. ಮನುಷ್ಯನ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಅದರ ಕೆಳಗೆ ಡೆಂಟಿನ್, ನಟ್ಟನಡುವೆ ಮೆತ್ತನೆಯ ತಿರುಳು. ನೀವು "ಹಲ್ಲಿನ ನರ" ಅನ್ನುವುದು ಈ ತಿರುಳನ್ನೇ. ಅದರಲ್ಲಿ ನರದ ಜೊತೆ ರಕ್ತನಾಳಗಳೂ ಇವೆ, ಬೇರಿನ ತುದಿಯ ಬಲು ಸಣ್ಣ ತೂತಿನಿಂದ ಒಳಗೆ ಬರುತ್ತವೆ. ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕಿಟು ಬಾಯಲ್ಲಿರುವ ಸೂಕ್ಷ್ಮಜೀವಿಗಳಿಗೂ ಆಹಾರ. ಅವು ಅದನ್ನು ತಿಂದು ಬಿಡುವ ಆಮ್ಲ ಎನಾಮಲನ್ನು ಕರಗಿಸುತ್ತದೆ. ಎನಾಮಲ್‌ನಲ್ಲಿ ನರವಿಲ್ಲ, ಆದ್ದರಿಂದ ಹುಳುಕು ಅಲ್ಲಿರುವವರೆಗೆ ಏನೂ ತಿಳಿಯುವುದಿಲ್ಲ. ಡೆಂಟಿನ್ ಮುಟ್ಟಿದ ಮೇಲೆ ತಣ್ಣೀರಿಗೆ ಜುಮ್ ಅನ್ನುತ್ತದೆ, ನೀರು ನುಂಗಿದ ಕೂಡಲೇ ಹೋಗಿಬಿಡುತ್ತದೆ. ಆ ಹೊತ್ತಿಗೆ ಬಂದರೆ ಹುಳುಕು ಕೆರೆದು ಸಿಮೆಂಟ್ ತುಂಬಿದರೆ ಕೆಲಸ ಮುಗಿಯಿತು, ಬೇರಿನೊಳಗಿನ ಕೊಳೆ ತೆಗೆದು ತುಂಬುವ ರೂಟ್ ಕೆನಾಲ್ ಬೇಕಿಲ್ಲ. ಬೇಕೇ ಬೇಕು ಎಂದು ಯಾರಾದರೂ ಹೇಳಿದರೆ, "ಎಕ್ಸ್‌ರೇದಾಗ ಎಲ್ಲೈತಿ ತೋರಸ್ರಿ" ಎಂದು ಕೇಳಿ. ಹಾಗೆ ಕೇಳಿದರೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ.

ಹುಳುಕು ತಿರುಳಿನ ಹತ್ತಿರ ಹೋದಾಗ ನೋವಿನ ಗುಣವೇ ಬದಲಾಗುತ್ತದೆ. ತಣ್ಣೀರು ನುಂಗಿ ಎಷ್ಟೋ ಹೊತ್ತಾದರೂ ಸೆಳೆತ ನಿಲ್ಲುವುದಿಲ್ಲ. ಬಿಸಿ ಚಹಾ ತಾಗಿದರೆ ಕಣ್ಣಲ್ಲಿ ನೀರು ಬರುತ್ತದೆ. ಏನೂ ತಿನ್ನದೆ ಸುಮ್ಮನೆ ಕೂತಾಗಲೂ ನೋವು ಎದ್ದುಬಿಡುತ್ತದೆ. ಊದಿಕೊಂಡ ತಿರುಳಿಗೆ ಹಿಗ್ಗಲು ಜಾಗವಿಲ್ಲ, ಸುತ್ತಲೂ ಗಟ್ಟಿ ಗೋಡೆ. ರಾತ್ರಿ ಮಲಗಿದರೆ ತಲೆಯ ಕಡೆ ರಕ್ತ ಹೆಚ್ಚು ಬಂದು ಒತ್ತಡ ಇನ್ನೂ ಏರುತ್ತದೆ, ಎದ್ದು ಕೂತರೆ ತುಸು ಇಳಿಯುತ್ತದೆ. ನೋವು ಕಿವಿಗೂ ತಲೆಗೂ ಹಬ್ಬಿ, ಮೇಲಿನ ಹಲ್ಲೋ ಕೆಳಗಿನದೋ ಎಂದು ಬೆರಳಿಟ್ಟು ತೋರಿಸಲೂ ಆಗುವುದಿಲ್ಲ. ಯರಗಟ್ಟಿ ಕಡೆಯಿಂದ ಬಂದ ಒಬ್ಬ ಅಕ್ಕ ಬಸ್ಸಿನಲ್ಲಿ ದಾರಿಯುದ್ದಕ್ಕೂ ತಣ್ಣೀರಿನ ಬಾಟಲಿ ಕೈಯಲ್ಲಿ ಹಿಡಿದು, ಗುಟುಕು ಗುಟುಕಾಗಿ ಬಾಯಲ್ಲಿ ಇಟ್ಟುಕೊಂಡೇ ಬಂದಿದ್ದರು. ನೀರು ಬಾಯಲ್ಲಿ ಬೆಚ್ಚಗಾದ ಕೂಡಲೇ ನೋವು ಮರಳುತ್ತಿತ್ತಂತೆ. ಬಾಟಲಿ ಹಿಡಿದು ಬಂದವರನ್ನು ನೋಡಿದರೆ ನಮಗೆ ಅರ್ಧ ರೋಗ ಅಲ್ಲೇ ತಿಳಿಯುತ್ತದೆ: ತಿರುಳು ಮತ್ತೆ ಸುಧಾರಿಸಿಕೊಳ್ಳುವ ಹಂತ ದಾಟಿದೆ. ದೊಡ್ಡವರ ಹಲ್ಲು ಈ ಹಂತಕ್ಕೆ ಬಂದರೆ ಸಾಮಾನ್ಯವಾಗಿ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ಕೀಳಿಸಬೇಕು.

ಎರಡನ್ನೂ ಮಾಡದೆ ಬಿಟ್ಟರೆ ಒಂದು ದಿನ ನೋವು ಪೂರ್ತಿ ನಿಲ್ಲುತ್ತದೆ. "ಬ್ಯಾನಿ ತಾನ ನಿಂತ ಬಿಟ್ಟೈತ್ರಿ, ದೇವರ ದಯಾ" ಎಂದು ಎಷ್ಟು ಜನ ಹೇಳಿದ್ದಾರೋ! ತಿರುಳು ಸತ್ತಿರುತ್ತದೆ, ನೋವು ಹೇಳಲು ನರವೇ ಉಳಿದಿರುವುದಿಲ್ಲ. ಕೊಳೆತ ತಿರುಳಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಬೇರಿನ ತುದಿಯಿಂದ ದವಡೆಯ ಎಲುಬಿಗೆ ಇಳಿಯುತ್ತವೆ, ಅಲ್ಲಿ ಎಲುಬು ಸದ್ದಿಲ್ಲದೆ ಕರಗುತ್ತದೆ. ತಿಂಗಳುಗಳ ಮೇಲೆ ವಸಡಿನ ಮೇಲೆ ಗುಳ್ಳೆ ಏಳುತ್ತದೆ, ಒಡೆದು ಉಪ್ಪುಪ್ಪಾದ ಕೀವು ಬರುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಕೀವು ಹೊರಹೋಗಲು ದಾರಿ ಸಿಕ್ಕಿರುವುದರಿಂದ ಆಗಲೂ ನೋವಿಲ್ಲ. ಕೆಳಗಿನ ಮುಂದಿನ ಹಲ್ಲು ಸತ್ತಿದ್ದರೆ ಕೆಲವರಲ್ಲಿ ಆ ದಾರಿ ಗದ್ದದ ಚರ್ಮದ ಮೇಲೆ ತೆರೆಯುತ್ತದೆ. ಗದ್ದದ ಮೇಲೆ ವಾಸಿಯಾಗದ ಒಂದು ಗುಳ್ಳೆ ಇಟ್ಟುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚಿದವರು, ಊರೂರು ಚರ್ಮದ ಡಾಕ್ಟರರಲ್ಲಿ ತಿರುಗಿದವರು ಇದ್ದಾರೆ. ಒಳಗಿನ ಹಲ್ಲನ್ನು ಸ್ವಚ್ಛ ಮಾಡಿದರೆ ಆ ಗುಳ್ಳೆ ಮುಲಾಮಿಲ್ಲದೆ ಒಣಗುತ್ತದೆ. ಇಂಥ ಹಲ್ಲಿನಲ್ಲಿ ಹುಳುಕು ಇರಲೇಬೇಕೆಂದಿಲ್ಲ. ಕಬಡ್ಡಿಯಲ್ಲೋ ಕುಸ್ತಿಯಲ್ಲೋ ಬೈಕಿನಿಂದಲೋ ಬಿದ್ದು ಪೆಟ್ಟು ತಿಂದ ಹಲ್ಲು ವರ್ಷಗಳ ಮೇಲೆ ಬೂದು ಬಣ್ಣಕ್ಕೆ ತಿರುಗುವುದನ್ನು ನೋಡಿರುತ್ತೀರಿ. ನಿಮ್ಮ ಮಗನ ಹಲ್ಲು ಹಾಗಿದ್ದರೆ ನೋವಿಲ್ಲ ಎಂದು ಸುಮ್ಮನಿರಬೇಡಿ, ಒಂದು ಎಕ್ಸ್‌ರೇ ತೆಗೆಸಿ.

ಸಂತೆ, ಜಾತ್ರೆಗಳಲ್ಲಿ ಹಲ್ಲಿನ ಹುಳ ತೆಗೆಯುತ್ತೇವೆ ಎನ್ನುವವರ ಕೈಗೆ ಬಾಯಿ ಕೊಡಬೇಡಿ. ನೆಲಗುಳ್ಳದ ಬೀಜ ಕೆಂಡದ ಮೇಲೆ ಹಾಕಿ ಹೊಗೆ ಕೊಟ್ಟು, ಬಟ್ಟಲ ನೀರಿನಲ್ಲಿ ಬಿಳಿ ಎಳೆ ತೋರಿಸಿ ಇದೇ ನಿಮ್ಮ ಹಲ್ಲಿನ ಹುಳ ಅನ್ನುತ್ತಾರೆ. ಅದು ಬೀಜದಿಂದ ಬಂದದ್ದು. ಹಲ್ಲು ಕೆಡುವುದಕ್ಕೆ ಕಣ್ಣಿಗೆ ಕಾಣುವ ಹುಳ ಕಾರಣವಲ್ಲ ಎಂದು ಪ್ಯಾರಿಸ್ಸಿನ ಪಿಯರ್ ಫೋಷಾರ್ 1728ರಲ್ಲೇ ತನ್ನ ದಂತ ವೈದ್ಯದ ಗ್ರಂಥದಲ್ಲಿ ಬರೆದಿದ್ದ. ಇನ್ನು ತೂತಿಗೆ ತಂಬಾಕು ತುರುಕುವುದು, ನಶ್ಯ ಇಡುವುದು, ಮಿಶ್ರಿ ತಿಕ್ಕುವುದು. ಸ್ವಲ್ಪ ಹೊತ್ತು ಮರಗಟ್ಟಿದ ಹಾಗೆ ಆಗಿ ನೋವು ಅಡಗಬಹುದು. ಆದರೆ ಹುಳುಕು ಒಂದು ಕೂದಲೆಳೆಯಷ್ಟೂ ಹಿಂದೆ ಸರಿಯುವುದಿಲ್ಲ, ಮೇಲೆ ಬಾಯಿಯ ಕ್ಯಾನ್ಸರಿಗೆ ದಾರಿ ಮಾಡಿದಂತಾಗುತ್ತದೆ. ಕೈಮಗ್ಗದ ಮುಂದೆ ದಿನವಿಡೀ ಕೂರುವ ರಾಮದುರ್ಗ, ಸುರೇಬಾನ ಕಡೆಯ ಅಕ್ಕಂದಿರಲ್ಲಿ ಯಾರಿಗಾದರೂ ಈ ಚಟವಿದ್ದರೆ ದಯವಿಟ್ಟು ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಹಲ್ಲಿನ ಪಕ್ಕದ ವಸಡಿನ ಮೇಲೆ ಗುಳಿಗೆಯನ್ನು ಪುಡಿ ಮಾಡಿ ಇಡುವುದಂತೂ ಬೇಡವೇ ಬೇಡ, ವಸಡು ಸುಟ್ಟು ಬೆಳ್ಳಗಾಗುತ್ತದೆ. ಊದಿದ ಕಪಾಳಕ್ಕೆ ಹೊರಗಿನಿಂದ ಬಿಸಿ ಶಾಖ ಕೊಟ್ಟರೆ ಕೀವು ಮುಖದ ಚರ್ಮದ ಕಡೆ ಬಂದು ಒಡೆಯಬಹುದು, ಕಲೆ ಜೀವನಪೂರ್ತಿ ಉಳಿಯುತ್ತದೆ.

ಔಷಧಿ ಅಂಗಡಿಯ ಗುಳಿಗೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ನಮ್ಮ ಕಡೆ ಹಲ್ಲಿಗೆ ಮೊದಲ ಡಾಕ್ಟರು ಆ ಅಂಗಡಿಯೇ. "ಹಲ್ಲ ಬ್ಯಾನಿಗೆ ಗುಳಗಿ ಕೊಡ್ರಿ" ಅಂದರೆ ಒಂದು ನೋವಿನದು, ಒಂದು ಆಂಟಿಬಯಾಟಿಕ್ ಕೈಗೆ ಬರುತ್ತದೆ. ಆಂಟಿಬಯಾಟಿಕ್ ರಕ್ತದಲ್ಲಿ ಹರಿದು ಹೋಗಿ ಕೆಲಸ ಮಾಡುವ ಔಷಧಿ. ಸತ್ತ ತಿರುಳಿಗೆ ರಕ್ತವೇ ಹೋಗುವುದಿಲ್ಲ. ಮಲಪ್ರಭಾ ಕಾಲುವೆಗೆ ನೀರು ಬಿಡದಿದ್ದರೆ ಕೊನೆಯ ಹೊಲದ ಬೆಳೆಗೆ ಏನು ಸಿಗುತ್ತದೋ, ಸತ್ತ ಹಲ್ಲಿನೊಳಕ್ಕೆ ಆ ಗುಳಿಗೆಯಿಂದ ಅಷ್ಟೇ ಸಿಗುತ್ತದೆ. ಸುತ್ತಲಿನ ಬಾವು ಇಳಿದು ನಾಲ್ಕು ದಿನ ಹಿತವೆನಿಸಬಹುದು, ಬೇರು ಒಳಗೆ ಹಾಗೆಯೇ ಕೊಳೆಯುತ್ತಿರುತ್ತದೆ. ಜ್ವರ ಬಂದು ಮುಖ ಊದಿದಾಗ ವೈದ್ಯರೇ ಆಂಟಿಬಯಾಟಿಕ್ ಬರೆಯುತ್ತಾರೆ, ಅದು ಚಿಕಿತ್ಸೆಯ ಜೊತೆಗೆ ನುಂಗಬೇಕಾದದ್ದು. ನೋವಿನ ಗುಳಿಗೆಯನ್ನು ವಾರಗಟ್ಟಲೆ ಬರಿಹೊಟ್ಟೆಯಲ್ಲಿ ನುಂಗಿದರೆ ಜಠರಕ್ಕೂ ಮೂತ್ರಪಿಂಡಕ್ಕೂ ಪೆಟ್ಟು.

ಕೆಲವು ಲಕ್ಷಣ ಕಂಡರೆ ಹಲ್ಲಿನ ದವಾಖಾನೆಯ ಬಾಗಿಲು ತೆರೆಯುವ ಹೊತ್ತಿಗೂ ಕಾಯಬಾರದು. ಕೆಳದವಡೆಯ ಅಡಿಯಲ್ಲಿ ಎರಡೂ ಕಡೆ ಗಟ್ಟಿಯಾದ ಬಾವು, ನಾಲಿಗೆ ಮೇಲೆದ್ದಿರುವುದು, ಎಂಜಲು ನುಂಗಲಾಗದಿರುವುದು, ಬಾಯಿ ತೆರೆಯಲಾಗದಿರುವುದು, ಉಸಿರಿಗೆ ತೊಂದರೆ, ಬಾವಿನಿಂದ ಕಣ್ಣು ಮುಚ್ಚಿಕೊಂಡಿರುವುದು: ಇಂಥದ್ದಾದರೆ ರಾತ್ರಿ ಎಷ್ಟು ಹೊತ್ತಾಗಿದ್ದರೂ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಒಂದು ದವಡೆ ಹಲ್ಲಿನ ಕೀವು ಗಂಟಲಿಗಿಳಿದು ಉಸಿರು ಕಟ್ಟಿಸಬಲ್ಲದು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಇನ್ನೂ ಬೇಗ ಏರುತ್ತದೆ.

ಇನ್ನು ರೂಟ್ ಕೆನಾಲ್. ಹೆಸರು ಕೇಳಿದರೇ ಹೆದರುವವರಿದ್ದಾರೆ. ಮೊದಲು ಎಕ್ಸ್‌ರೇ, ಆಮೇಲೆ ವಸಡಿಗೆ ಮರಗಟ್ಟಿಸುವ ಸೂಜಿ. ಅದರಲ್ಲಿರುವ ಲಿಗ್ನೊಕೇನ್ ಔಷಧಿಯನ್ನು ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ 1943ರಲ್ಲಿ ತಯಾರಿಸಿದ, ಇಂದಿಗೂ ಜಗತ್ತಿನಾದ್ಯಂತ ಅದೇ ಬಳಕೆಯಲ್ಲಿದೆ. ತೀರ ಊದಿದ ಕೆಳಗಿನ ದವಡೆ ಹಲ್ಲಿಗೆ ಒಂದು ಸೂಜಿ ಸಾಲದೆ ಹೋಗುವುದುಂಟು. ನೋವಾದರೆ ಎಡಗೈ ಎತ್ತಿ ತೋರಿಸಿ, ಇನ್ನೊಂದು ಕೊಡುತ್ತಾರೆ. ಸಹಿಸಿಕೊಂಡು ಕೂರುವುದು ಬೇಡ, ಸಹಿಸಿಕೊಳ್ಳುವುದನ್ನು ನಮಗೆ ಎಲ್ಲೆಲ್ಲೂ ಕಲಿಸಿದ್ದಾರೆ, ಇಲ್ಲಿ ಅದರ ಅಗತ್ಯವಿಲ್ಲ. ಆಮೇಲೆ ಹಲ್ಲಿನ ಮೇಲ್ಭಾಗದಲ್ಲಿ ಸಣ್ಣ ಬಾಗಿಲು ತೆರೆದು, ಕೂದಲಿನಂಥ ತೆಳು ಫೈಲುಗಳಿಂದ ಬೇರಿನ ಒಳಗಿನ ಕೊಳೆ ತೆಗೆಯುತ್ತಾರೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ, ದವಡೆ ಹಲ್ಲಿಗೆ ಮೂರು, ಕೆಲವಕ್ಕೆ ನಾಲ್ಕು. ಮೇಲಿನ ದೊಡ್ಡ ದವಡೆ ಹಲ್ಲಿನ ನಾಲ್ಕನೆಯ ನಾಳ ಅಡಗಿ ಕೂತಿರುತ್ತದೆ, ಅದನ್ನು ಹುಡುಕಲು ಸಮಯ ಬೇಕು. "ಇಷ್ಟ ಹೊತ್ಯಾಕ?" ಎಂದು ಬೇಸರ ಮಾಡಿಕೊಳ್ಳಬೇಡಿ. ಫೈಲು ಮುಟ್ಟದ ಸಂದಿಗಳನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆಯುತ್ತಾರೆ. ಹಲ್ಲಿನ ಸುತ್ತ ರಬ್ಬರಿನ ತೆಳು ಹಾಳೆ ಬಿಗಿದಿದ್ದರೆ ಎಂಜಲು ಒಳಗೆ ಹೋಗುವುದಿಲ್ಲ, ಸಣ್ಣ ಉಪಕರಣ ಗಂಟಲಿಗೆ ಜಾರುವುದೂ ಇಲ್ಲ. ಹಾಳೆ ಹಾಕುತ್ತೀರಾ ಎಂದು ಕೇಳುವ ಹಕ್ಕು ನಿಮಗಿದೆ.

ಇಷ್ಟೆಲ್ಲ ತೊಳೆಯುವುದು ಏಕೆಂದರೆ, ರೋಗದ ಮೂಲ ಸೂಕ್ಷ್ಮಜೀವಿಗಳೇ. 1965ರಲ್ಲಿ ಕಾಕೆಹಾಶಿ, ಸ್ಟ್ಯಾನ್ಲಿ, ಫಿಟ್ಜೆರಾಲ್ಡ್ ಎಂಬ ಮೂವರು ಅಮೆರಿಕದಲ್ಲಿ ಇಲಿಗಳ ಹಲ್ಲು ಕೊರೆದು ತಿರುಳನ್ನು ತೆರೆದಿಟ್ಟರು. ಸೂಕ್ಷ್ಮಜೀವಿಗಳೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ತಿರುಳು ಬದುಕಿತು, ತೂತಿನ ಮೇಲೆ ಹೊಸ ಡೆಂಟಿನ್ ಕೂಡ ಕಟ್ಟಿತು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಹೀಗೆ ನಿಮ್ಮ ಹಲ್ಲಿನ ನಾಳಗಳನ್ನು ಸ್ವಚ್ಛ ಮಾಡಿ ಒಣಗಿಸಿದ ಮೇಲೆ ಗಟ್ಟಾಪರ್ಚಾ ಎಂಬ ವಸ್ತು ತುಂಬಿ ಮುಚ್ಚುತ್ತಾರೆ. ಇದು ಮಲಯ ದೇಶದ ಕಡೆಯ ಮರವೊಂದರ ಹಾಲು. ಹಿಂದೆ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಇದನ್ನೇ ಹೊದಿಸುತ್ತಿದ್ದರು, ನೀರು ಒಳಗೆ ಬಿಡುವುದಿಲ್ಲ ಎಂದು. ಮುಗಿದ ಮೇಲೆ ಎರಡು ಮೂರು ದಿನ ಕಚ್ಚಿದರೆ ಸ್ವಲ್ಪ ನೋಯುವುದು ಸಹಜ.

ನನಗೆ ಅತಿ ಹೆಚ್ಚು ಸಂಕಟ ಕೊಡುವುದು ಮಾತ್ರ ಇದು: ಮೊದಲ ದಿನ ತಿರುಳು ತೆಗೆದ ಕೂಡಲೇ ನೋವು ಹೋಗುತ್ತದೆ. ತಾತ್ಕಾಲಿಕ ಸಿಮೆಂಟ್ ಹಾಕಿ, ಮುಂದಿನ ವಾರ ಬನ್ನಿ ಎಂದು ಕಳಿಸುತ್ತೇವೆ. ಮುಂದಿನ ವಾರ ಯಾರೂ ಬರುವುದಿಲ್ಲ. ಕಬ್ಬು ಕಡಿಯುವ ಗ್ಯಾಂಗ್ ಬಂದಿರುತ್ತದೆ, ಹತ್ತಿ ಬಿಡಿಸುವುದಿರುತ್ತದೆ, ಮನೆಗೆ ಬೀಗರು ಬಂದಿರುತ್ತಾರೆ. ಫೋನ್ ಮಾಡಿದರೆ, "ಈಗೇನ ತ್ರಾಸ ಇಲ್ರಿ, ನಿವಾಂತ ಬರ್ತೀವಿ" ಅನ್ನುತ್ತಾರೆ. ಆ ತಾತ್ಕಾಲಿಕ ಸಿಮೆಂಟ್ ಕೆಲವೇ ವಾರ ತಡೆಯುವಂಥದ್ದು. ಅದು ಸವೆದು ಎಂಜಲು ಒಳಗಿಳಿದರೆ ತೊಳೆದದ್ದೆಲ್ಲ ವ್ಯರ್ಥ. ಇನ್ನು ಕೆಲವರು ನಾಳ ತುಂಬಿಸಿಕೊಂಡು, ಹಲ್ಲಿನ ಮೇಲೆ ಹೊದಿಸುವ ಕ್ಯಾಪ್ ಮಾತ್ರ ಬಿಡುತ್ತಾರೆ, ದುಡ್ಡು ಉಳಿಯಿತೆಂದು. ಹುಳುಕಿನಿಂದಲೂ ನಮ್ಮ ಕೊರೆತದಿಂದಲೂ ದವಡೆ ಹಲ್ಲಿನ ಗೋಡೆ ತೆಳುವಾಗಿರುತ್ತದೆ. ಕ್ಯಾಪ್ ಇಲ್ಲದೆ ಖಡಕ್ ರೊಟ್ಟಿ ಕಡಿದರೆ, ಕಬ್ಬು ಸಿಗಿದರೆ ಹಲ್ಲು ಬೇರಿನವರೆಗೆ ಸೀಳಿಬಿಡುತ್ತದೆ. ಸೀಳಿದ ಹಲ್ಲಿಗೆ ಕೀಳುವುದೊಂದೇ ಗತಿ. ಆಗ ಊರೆಲ್ಲ ಸುದ್ದಿ: ರೂಟ್ ಕೆನಾಲ್ ಮಾಡಿಸಿದರೂ ಹಲ್ಲು ಹೋಯಿತು. ಪೂರ್ತಿ ಮಾಡಿಸಿದ ಹಲ್ಲುಗಳಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಎಂಟು ಹತ್ತು ವರ್ಷ ದಾಟಿಯೂ ಬಾಯಲ್ಲಿ ಉಳಿಯುತ್ತವೆ. ಅವುಗಳ ಸುದ್ದಿ ಯಾರೂ ಹೇಳುವುದಿಲ್ಲ.

ರೂಟ್ ಕೆನಾಲ್ ಮಾಡಿಸಿದರೆ ಕ್ಯಾನ್ಸರ್ ಬರುತ್ತದೆ ಎಂಬ ಸಂದೇಶ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರ ಬೇರು ನೂರು ವರ್ಷಕ್ಕಿಂತ ಹಳೆಯದು. ವಿಲಿಯಂ ಹಂಟರ್ ಎಂಬ ಇಂಗ್ಲೆಂಡಿನ ವೈದ್ಯ 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಮೈಯ ಎಷ್ಟೋ ರೋಗಗಳಿಗೆ ಹಲ್ಲಿನ ಸೋಂಕೇ ಕಾರಣವೆಂದ. ಅದನ್ನು ನಂಬಿ ದಶಕಗಳ ಕಾಲ ಲೆಕ್ಕವಿಲ್ಲದಷ್ಟು ಹಲ್ಲು ಕಿತ್ತರು, ಜನರ ರೋಗ ಹಾಗೆಯೇ ಉಳಿಯಿತು. ಮುಂದಿನ ಸಂಶೋಧನೆಯಲ್ಲಿ ಆ ವಾದ ನಿಲ್ಲಲಿಲ್ಲ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬುದೂ ಅಷ್ಟೇ ಸುಳ್ಳು. ಕೀಳದೆ, ಚಿಕಿತ್ಸೆಯನ್ನೂ ಮಾಡಿಸದೆ ಬಿಟ್ಟ ಮೇಲಿನ ಕೋರೆಹಲ್ಲಿನ ಕೀವು ಕಣ್ಣಿನ ಸುತ್ತ ಊದಿಸುವುದು ಮಾತ್ರ ನಿಜ.

ಅವ್ವಂದಿರೇ, ಮಕ್ಕಳ ಬಾಯಲ್ಲಿ ಒಂದು ಹಲ್ಲಿದೆ, ಅದನ್ನು ನೀವೆಲ್ಲ ಗುರುತಿಸಲು ಕಲಿಯಬೇಕು. ಆರು ವರ್ಷದ ಸುಮಾರಿಗೆ ಹಾಲುಹಲ್ಲಿನ ಸಾಲಿನ ಹಿಂದೆ, ಮೇಲೆ ಎರಡು, ಕೆಳಗೆ ಎರಡು ದೊಡ್ಡ ದವಡೆ ಹಲ್ಲು ಮೂಡುತ್ತವೆ. ಯಾವ ಹಾಲುಹಲ್ಲೂ ಬೀಳದೆಯೇ ಬರುವುದರಿಂದ ಅವನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. "ಬಿದ್ದ ಮ್ಯಾಲ ಹೊಸಾದು ಬರ್ತೈತಿ" ಎಂದು ಬಿಡುತ್ತಾರೆ. ಬರುವುದಿಲ್ಲ. ಅದೇ ಕೊನೆಯವರೆಗೆ ಇರಬೇಕಾದ ಹಲ್ಲು, ಜೀವನದ ಅಗಿಯುವ ಕೆಲಸದ ದೊಡ್ಡ ಪಾಲು ಅದರದ್ದೇ. ಹನ್ನೆರಡು ವರ್ಷದ ಹುಡುಗಿಗೆ ಈ ಹಲ್ಲು ಕೀಳಬೇಕಾಗಿ ಬಂದಾಗ ನನ್ನ ಕೈ ನಿಲ್ಲುತ್ತದೆ. ಹಲ್ಲು ಮೂಡಿದ ಮೇಲೆ ಅದರ ಬೇರು ಪೂರ್ತಿ ಬೆಳೆಯಲು ಕೆಲವು ವರ್ಷ ಬೇಕು. ಬೇಗ ಕರೆತಂದರೆ ಕೆಟ್ಟ ತಿರುಳಿನ ಮೇಲ್ಭಾಗವನ್ನಷ್ಟೇ ತೆಗೆದು, ಉಳಿದದ್ದನ್ನು ಜೀವಂತ ಇಟ್ಟು ಬೇರು ಬೆಳೆಯಲು ಬಿಡಬಹುದು. ಶಾಲೆಗೆ, ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ಹಲ್ಲನ್ನೂ ನೋಡುತ್ತದೆ. ಅವರು ಚೀಟಿ ಬರೆದುಕೊಟ್ಟರೆ ಕಪಾಟಿನಲ್ಲಿ ಇಡಬೇಡಿ.

ಬಸುರಿಯರು ಹಲ್ಲಿನ ಚಿಕಿತ್ಸೆ ಮಾಡಿಸಬಾರದು ಎಂಬ ಹೆದರಿಕೆ ಬೇಡ. ನಾಲ್ಕರಿಂದ ಆರನೆಯ ತಿಂಗಳು ಅದಕ್ಕೆ ಅನುಕೂಲ, ತೀರ ನೋವಿದ್ದರೆ ಯಾವ ತಿಂಗಳಲ್ಲೂ ಆರಾಮ ಕೊಡಬಹುದು. ಬಸುರಿ ಎಂದು ವೈದ್ಯರಿಗೆ ಮೊದಲೇ ಹೇಳಿದರೆ ಸಾಕು.

ಎಲ್ಲ ಹಲ್ಲನ್ನೂ ಉಳಿಸಬಹುದೆಂದು ನಾನು ಹೇಳುತ್ತಿಲ್ಲ. ಬೇರಿನುದ್ದಕ್ಕೂ ಸೀಳಿದ್ದರೆ, ಮೇಲೆ ಕ್ಯಾಪ್ ಹಿಡಿಯುವಷ್ಟೂ ಹಲ್ಲು ಉಳಿದಿಲ್ಲದಿದ್ದರೆ, ವಸಡಿನ ರೋಗದಿಂದ ಎಲುಬು ಕರಗಿ ಹಲ್ಲು ಅಲ್ಲಾಡುತ್ತಿದ್ದರೆ ಕೀಳಿಸುವುದೇ ಸರಿ. ಸರಿಯಾಗಿ ಮೂಡದ ಬುದ್ಧಿಹಲ್ಲಿಗೂ ಸಾಮಾನ್ಯವಾಗಿ ರೂಟ್ ಕೆನಾಲ್‌ನ ಖರ್ಚು ಹಾಕಬೇಕಿಲ್ಲ. ಉಳಿಸಬಹುದಾದದ್ದನ್ನು ಕೀಳಿಸುವ ಮುನ್ನ ಲೆಕ್ಕ ಹಾಕಿ. ಕಿತ್ತ ಜಾಗಕ್ಕೆ ಅಕ್ಕಪಕ್ಕದ ಹಲ್ಲು ವಾಲುತ್ತವೆ, ಎದುರಿನ ಹಲ್ಲು ಇಳಿಯುತ್ತದೆ. ಎಲುಬಿನಲ್ಲಿ ಕೂರಿಸುವ ಕೃತಕ ಹಲ್ಲು, ಅಂದರೆ ಇಂಪ್ಲಾಂಟ್ ಹಾಕಿಸಲು ಹೋದರೆ ರೂಟ್ ಕೆನಾಲ್‌ನ ಹಲವು ಪಟ್ಟು ಖರ್ಚು. ಬಡ ಕುಟುಂಬದ ಹಿರಿಯರಿಗೆ ಸರ್ಕಾರ ದಂತ ಭಾಗ್ಯ ಯೋಜನೆಯಲ್ಲಿ ಪೂರ್ತಿ ದಂತಪಂಕ್ತಿ ಕೊಡಿಸಿದೆ, ಒಳ್ಳೆಯದೇ. ಆದರೆ ಸ್ವಂತ ಹಲ್ಲಿನ ಅಗಿಯುವ ಬಲದ ಕಾಲು ಭಾಗ ಅದರಿಂದ ಬರುವುದೂ ಕಷ್ಟ. ಅದನ್ನು ಕಟ್ಟಿಕೊಂಡವರಿಗೆ ಖಡಕ್ ರೊಟ್ಟಿ ಹಾಲಿನಲ್ಲಿ ನೆನೆಯಬೇಕು.

ಮೊದಲು ನಿಮ್ಮ ತಾಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ, ಯಾವ ಹಂತ ಎಂದಾದರೂ ತಿಳಿಯುತ್ತದೆ. ಖಾಸಗಿ ದವಾಖಾನೆಯಾದರೆ ಎಷ್ಟು ಸಲ ಬರಬೇಕು, ಕ್ಯಾಪ್ ಸೇರಿ ಒಟ್ಟು ಎಷ್ಟಾಗುತ್ತದೆ ಎಂದು ಶುರುವಿಗೇ ಚೀಟಿಯಲ್ಲಿ ಬರೆಸಿಕೊಳ್ಳಿ. ಕಡಿಮೆ ಖರ್ಚಿಗೆ ದಂತ ಕಾಲೇಜುಗಳಿವೆ: ಬೈಲಹೊಂಗಲದವರಿಗೆ ಬೆಳಗಾವಿಯ ಕೆಎಲ್‌ಇ ಮತ್ತು ಮರಾಠಾ ಮಂಡಳದ ಕಾಲೇಜುಗಳು, ಕಿತ್ತೂರು ಮತ್ತು ಸವದತ್ತಿಯವರಿಗೆ ಧಾರವಾಡದ ಸತ್ತೂರಿನ ಎಸ್‌ಡಿಎಂ, ರಾಮದುರ್ಗದವರಿಗೆ ಬೆಳಗಾವಿಗಿಂತ ಹತ್ತಿರವಾದ ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ದಂತ ಕಾಲೇಜು. ಅಲ್ಲಿ ಕಲಿಯುವ ಡಾಕ್ಟರರು ಪ್ರಾಧ್ಯಾಪಕರ ಕಣ್ಣೆದುರಿಗೆ ಕೆಲಸ ಮಾಡುತ್ತಾರೆ, ಹೊತ್ತು ಹೆಚ್ಚು ಹಿಡಿಯುತ್ತದೆ, ಒಂದೆರಡು ಸಲ ಹೆಚ್ಚು ಓಡಾಡಬೇಕಾಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೆ ಟಿಕೆಟ್ ಖರ್ಚಿಲ್ಲ. ಆ ಬಸ್ಸು ಹತ್ತಿ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೀರಿ, ಹಲ್ಲಿಗೂ ಒಮ್ಮೆ ಹತ್ತಿ.

ನಿಮ್ಮ ಸಂಘಗಳು ಬೀಜಕ್ಕೆ, ಎಮ್ಮೆಗೆ, ಮದುವೆಗೆ, ಮಗನ ಫೀಸಿಗೆ ಸಾಲ ಕೊಟ್ಟಿವೆ. ಸದಸ್ಯೆಯ ಹಲ್ಲಿಗೆಂದು ಸಾಲ ಬರೆದ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ ಕಟ್ಟಿದ ಮೇಲೆ ಒಬ್ಬೊಬ್ಬರನ್ನೂ ಕೇಳಿ, ಹಲ್ಲು ನೋವು ಬಂದು ತಾನಾಗಿ ನಿಂತದ್ದಿದೆಯೇ ಎಂದು. ಇದೆ ಎಂದವರ ಜೊತೆ ಇನ್ನೊಬ್ಬರನ್ನು ಕೊಟ್ಟು ಕಳಿಸಿ, ಒಬ್ಬಳೇ ಆದರೆ ದಿನ ಮುಂದೂಡುತ್ತಾಳೆ. ಅರ್ಧ ಚಿಕಿತ್ಸೆಗೆ ಬಿಟ್ಟು ಬಂದವರಿದ್ದರೆ ಅವರನ್ನೇ ಮೊದಲು ಕಳಿಸಿ. ತಾತ್ಕಾಲಿಕ ಸಿಮೆಂಟ್ ಹಾಕಿಸಿಕೊಂಡು ತಿಂಗಳು ದಾಟಿದ್ದರೂ ಬಹಳ ಸಲ ಮತ್ತೆ ತೊಳೆದು ಹಲ್ಲನ್ನು ಉಳಿಸಬಹುದು. ಬಯ್ಯುತ್ತಾರೆ ಎಂದು ಅಂಜಿ ಹಳೆಯ ವೈದ್ಯರ ಬಳಿ ಹೋಗದಿದ್ದರೆ ಬೇರೆ ಕಡೆಗಾದರೂ ಹೋಗಲಿ, ಹಳೆಯ ಎಕ್ಸ್‌ರೇ ಮತ್ತು ಚೀಟಿಯನ್ನು ಜೊತೆಗೆ ಒಯ್ಯಲಿ.

ಇಂತಿ,
ನಿಮ್ಮ ಕಡೆಯ ಹಲ್ಲಿನ ವೈದ್ಯೆ